ಸೈರಾಳ ಜ್ವರ ಬಿಟ್ಟ ಮೇಲೆ

ನರಗುಂದ
6 ಡಿಸೆಂಬರ್ 2021

ಸೈರಾ,

ಇಲ್ಲಿ ಫೋನ್ ಇಟ್ಟುಕೊಳ್ಳುವಂತಿಲ್ಲ. ಭಾನುವಾರ ವಾರ್ಡನ್ ಮೇಡಂ ತಮ್ಮ ಫೋನ್ ಕೊಡುತ್ತಾರೆ. ಆ ಸಾಲಿನಲ್ಲಿ ನಿಂತರೆ ಬಟ್ಟೆ ಒಗೆಯುವ ಹೊತ್ತು ಹೋಗಿಬಿಡುತ್ತದೆ. ಕೈಗೆ ಸಿಕ್ಕು ಅವ್ವನನ್ನು ಮಾತಾಡಿಸುವಷ್ಟರಲ್ಲಿ ಹಿಂದೆ ನಿಂತವಳು ಜಡೆ ಎಳೆಯುತ್ತಾಳೆ. ನಿನಗೂ ಫೋನಿನ ಬೆಳಕು ಕಂಡರೆ ತಲೆ ಸಿಡಿಯುತ್ತದೆ ಅಂದಿದ್ದೆಯಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ವಸತಿ ಶಾಲೆ ನಾವಿಬ್ಬರೂ ಅಂದುಕೊಂಡ ಹಾಗಿಲ್ಲ. ಸಾರು ನೀರು, ರೊಟ್ಟಿ ಬಿರುಸು. ಆದರೆ ವಿಜ್ಞಾನದ ಕೋಣೆಯಲ್ಲಿ ನಿಜವಾದ ಅಸ್ಥಿಪಂಜರ ಇದೆ! ಜಕ್ಕಲಿಯಿಂದ ಪರೀಕ್ಷೆ ಪಾಸಾದವರು ನಾವಿಬ್ಬರೇ, ಅದರಲ್ಲೂ ನಿನ್ನ ಅಂಕ ನನಗಿಂತ ಹೆಚ್ಚು ಎಂದು ಎಲ್ಲರಿಗೂ ಹೇಳಿದ್ದೇನೆ. ಗಣಿತದ ಸರ್ ದಿನಾ ಕೇಳುತ್ತಾರೆ, 'ಎಲ್ಲಿ ನಿನ್ನ ಲೆಕ್ಕದ ಗೆಳತಿ?' ಅಂತ. ನನ್ನ ಪಕ್ಕದ ಹಾಸಿಗೆಯ ಮೇಲೆ ನನ್ನ ಟ್ರಂಕ್ ಇಟ್ಟಿದ್ದೇನೆ, ಬೇರೆ ಯಾರೂ ಮಲಗಬಾರದು ಎಂದು. ಹೆಡ್ ಮೇಡಂ ಸಂಕ್ರಾಂತಿವರೆಗೆ ಕಾಯುತ್ತೇವೆ ಎಂದಿದ್ದಾರೆ.

ಒಂದು ಮಾತು ಕೇಳಲಾ? ಬೇಸರ ಮಾಡಿಕೊಳ್ಳಬೇಡ. ಮೇ ತಿಂಗಳಲ್ಲಿ ಕೊರೋನಾ ಬಂದಾಗ ನಮ್ಮ ಅಜ್ಜ ಹೋಗಿಯೇಬಿಟ್ಟ. ನಿನಗೆ ಬಂದದ್ದು ಬರೀ ಎರಡು ದಿನದ ಜ್ವರ. ನೀನು ಹಾಸಿಗೆಯಲ್ಲೇ ಹಾಡು ಹೇಳುತ್ತಿದ್ದೆ ಎಂದು ನಿಮ್ಮ ಅವ್ವ ಖಾಜಾಬಿ ಕಾಕುನೇ ಹೇಳಿದ್ದಳು. ಜ್ವರ ಬಿಟ್ಟು ಇಷ್ಟು ತಿಂಗಳಾದರೂ ಅದೇನು ನಿಶ್ಶಕ್ತಿ? ಲಗೂ ಬಾ.

ನಿನ್ನ
ಅನ್ನಪೂರ್ಣಾ


ಜಕ್ಕಲಿ
19 ಡಿಸೆಂಬರ್ 2021

ಶ್ರೀಮತಿ ಅನ್ನಪೂರ್ಣೇಶ್ವರಿ ಗುರುಸಂಗಪ್ಪ ಅವರ ಸನ್ನಿಧಿಗೆ,

ನಿಮ್ಮ ಟ್ರಂಕಿಗೆ ನನ್ನ ಸಲಾಂ. ಅದು ನನ್ನ ಹಾಸಿಗೆಯಲ್ಲಿ ಮಲಗಿದ್ದು ಸಾಕು, ಸಂಕ್ರಾಂತಿ ಮುಗಿದ ಕೂಡಲೇ ಎಬ್ಬಿಸಿ ಕೆಳಗಿಡು.

ನಾನು ಆರಾಮ. ಅಪ್ಪ ರೋಣದ ದವಾಖಾನೆಗೆ ಕರೆದುಕೊಂಡು ಹೋಗಿದ್ದ. ಡಾಕ್ಟರು ರಕ್ತ ತೆಗೆದರು, ಎದೆಯ ಫೋಟೋ ತೆಗೆದರು. 'ಏನೂ ಇಲ್ಲ, ತತ್ತಿ ತಿನಸ್ರಿ, ಶೇಂಗಾ-ಬೆಲ್ಲ ತಿನಸ್ರಿ' ಅಂದರು. ಮನೆಯೊಳಗೆ ಅಪ್ಪ ಹತ್ತಿ ಹಿಂಜುತ್ತಾನಲ್ಲ, ಆ ಧೂಳು ಹುಡುಗಿಗೆ ಒಗ್ಗುತ್ತಿಲ್ಲವೇನೋ ಎಂದೂ ಅಂದರು. ಅಂದಿನಿಂದ ಅಪ್ಪ ಸುಮ್ಮನೆ ಕುಳಿತೇ ಇಲ್ಲ. ಹಿಂಜುವ ಮಷೀನನ್ನು ಹಿತ್ತಲಿಗೆ ಒಯ್ದಿದ್ದಾನೆ. ಗಾದಿಯನ್ನೂ ಬಯಲಲ್ಲೇ ಹೊಲಿಯುತ್ತಾನೆ. ಗಾಳಿ ಬಂದರೆ ಅರಳೆ ಹಾರುತ್ತದೆ, ಅವ್ವ ಕೋಳಿ ಹಿಡಿಯುವ ಹಾಗೆ ಹಿಂದೆ ಓಡುತ್ತಾಳೆ. ನೋಡಿದ್ದರೆ ನೀನು ಬಿದ್ದು ಬಿದ್ದು ನಗುತ್ತಿದ್ದೆ.

ಇವತ್ತು ಅವ್ವ ಬದನೆಕಾಯಿ ಎಣ್ಣಿಗಾಯಿ ಮಾಡಿದ್ದಳು. ಎರಡು ರೊಟ್ಟಿ ತಿಂದೆ.

ಈ ಕಾಗದದಲ್ಲಿ ಶಾಯಿ ಮೂರು ಬಣ್ಣ ಇದೆ ಎಂದು ಬೈಯಬೇಡ. ಆಡಿನ ಮರಿ ನಡುನಡುವೆ ತೊಂದರೆ ಕೊಟ್ಟಿತು. ಬೇರೆ ಬೇರೆ ದಿನ ಬರೆಯಬೇಕಾಯಿತು.

ಸೈರಾಬಾನು


ನರಗುಂದ
9 ಫೆಬ್ರವರಿ 2022

ಸೈರಾ,

ಸಂಕ್ರಾಂತಿ ಹೋಯಿತು. ನೀನು ಬರಲಿಲ್ಲ. ಎರಡು ಕಾಗದ ಹಾಕಿದೆ, ಉತ್ತರವಿಲ್ಲ.

ನಿನ್ನೆ ನಮ್ಮನ್ನು ಸಾಲಾಗಿ ಪೇಟೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ನಿಮ್ಮಪ್ಪ ಕಾಶೀಂ ಕಾಕಾ ಗಾದಿ ಮಾರುತ್ತಿದ್ದರು. ಸಾಲು ಬಿಟ್ಟು ಓಡಿದೆ. 'ಕಾಕಾ, ಸೈರಾ ಹ್ಯಾಂಗದಾಳ?' ಅಂದೆ. 'ಆರಾಮ ಅದಾಳವಾ' ಅಂದರು. 'ಮತ್ತ ಯಾಕ ಬರವಲ್ಲಳು?' ಅಂದೆ. ಅವರು ಗಾದಿಯ ಮೂಲೆಯ ದಾರ ಬಿಗಿ ಮಾಡುತ್ತಾ ನಿಂತರು. ಅದು ಬಿಗಿಯಾಗಿಯೇ ಇತ್ತು. 'ಬರತಾಳ, ಬರತಾಳ' ಅಂದರು.

ಆರಾಮ ಇದ್ದವಳು ಯಾಕೆ ಬರುತ್ತಿಲ್ಲ? ಊರಲ್ಲಿ ಹೊಸ ಗೆಳತಿಯರು ಸಿಕ್ಕರೇ? ಅಥವಾ ಇಲ್ಲಿಯ ಅಭ್ಯಾಸಕ್ಕೆ ಹೆದರಿದೆಯೋ? ಪ್ರತಿ ಸೋಮವಾರ ಹೆಡ್ ಮೇಡಂ ಮುಂದೆ ಹೋಗಿ, 'ಮುಂದಿನ ವಾರ ಬರ್ತಾಳ್ರಿ' ಎಂದು ಹೇಳುವವಳು ನಾನು. ನಿನ್ನ ಸಲುವಾಗಿ ಸುಳ್ಳು ಹೇಳಿ ಸಾಕಾಗಿದೆ. ಖರೇ ಏನು ಎಂದು ಬರೆ. ಇಲ್ಲವಾದರೆ ಬರೆಯಲೇಬೇಡ.

ಅನ್ನಪೂರ್ಣಾ


ಜಕ್ಕಲಿ
2 ಮಾರ್ಚ್ 2022

ಅನ್ನೂ,

ಖರೇ ಬರೆಯುತ್ತೇನೆ. ನಿಮ್ಮ ಅವ್ವನಿಗೂ ಹೇಳಬೇಡ.

ಆ ದಿನ ಎಣ್ಣಿಗಾಯಿ ತಿನ್ನಲಿಲ್ಲ. ಆಡಿಗೆ ಹಾಕಿದೆ. ಜ್ವರ ಬಿಟ್ಟ ಮೇಲೆ ಮೊದಲು ಯಾವ ವಾಸನೆಯೂ ಇರಲಿಲ್ಲ. ಆಮೇಲೆ ತಿರುಗಿ ಬಂತು, ಆದರೆ ತಪ್ಪಾಗಿ ಬಂತು. ಉಳ್ಳಾಗಡ್ಡಿ ಒಗ್ಗರಣೆ ಹಾಕಿದರೆ ಏನೋ ಸತ್ತು ಕೊಳೆತ ಹಾಗೆ ನಾರುತ್ತದೆ. ತತ್ತಿ ಹಾಗೆ, ಚಹಾ ಹಾಗೆ. ಅವ್ವ ಹತ್ತಿರ ಬಂದರೆ ಅವಳ ಸೆರಗಿನಲ್ಲೂ ಅದೇ. ಅವಳಿಗೆ ಇದನ್ನು ಹ್ಯಾಂಗ ಹೇಳುವುದು? ಉಸಿರು ಹಿಡಿದು ಅವಳ ಮಗ್ಗುಲಲ್ಲಿ ಕೂರುತ್ತೇನೆ.

ಸ್ನಾನ ಮಾಡಿದರೆ ಮಧ್ಯಾಹ್ನದವರೆಗೆ ಮಲಗಬೇಕು. ನಿದ್ದೆ ಮಾಡಿ ಎದ್ದರೂ ಹೊಲದಲ್ಲಿ ದುಡಿದು ಬಂದವಳ ಹಾಗೆ ಇರುತ್ತೇನೆ. ನಿಂತರೆ ಎದೆ ಹೊಡೆದುಕೊಳ್ಳುತ್ತದೆ. ಓದುತ್ತಿರುವ ಸಾಲು ಮುಗಿಯುವ ಮೊದಲೇ ಅದರ ಆರಂಭ ಮರೆತಿರುತ್ತದೆ. ನಿನ್ನ ಎರಡೂ ಕಾಗದ ಬಂದಿದ್ದವು. ಓದಿ ಮುಗಿಸಲಿಕ್ಕೆ ಆಗಲಿಲ್ಲ, ಅಷ್ಟೇ.

ಗಜೇಂದ್ರಗಡಕ್ಕೆ ಹೋಗಿದ್ದೆವು. ಅಲ್ಲಿಯ ಡಾಕ್ಟರು ಎಲ್ಲ ರಿಪೋರ್ಟ್ ನೋಡಿ ಅಪ್ಪನಿಗೆ, 'ಎಲ್ಲಾ ನಾರ್ಮಲ್ ಐತಿ. ಹುಡುಗಿಗೆ ಸಾಲಿ ಬ್ಯಾಡಾಗೇತಿ, ಅದಕ್ಕ ನಾಟಕ ಮಾಡಾಕತ್ತಾಳ. ಸಲಿಗಿ ಕೊಡಬ್ಯಾಡ್ರಿ' ಅಂದರು. ಅಪ್ಪ ತಿರುಗಿ ನನ್ನನ್ನು ನೋಡಿದ. ಒಂದೇ ಸಲ. ಆಮೇಲೆ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಕೊಟ್ಟ, ನೀರು ಕುಡಿಸಿದ, ತಲೆ ಒರಗಿಸಿಕೊಂಡ. ಆದರೂ ಆ ನೋಟ ನನ್ನನ್ನು ಬಿಡುತ್ತಿಲ್ಲ.

ನಾಟಕ ಅಲ್ಲ ಅನ್ನೂ. ನೀನಾದರೂ ನಂಬು.

ಜೂನಿಗೆ ಬರುತ್ತೇನೆ. ಖಂಡಿತ.

ಸೈರಾ


ನರಗುಂದ
20 ಮಾರ್ಚ್ 2022

ನನ್ನ ಸೈರಾ,

ನಂಬಿದೆ. ನಿನ್ನ ಕಾಗದವನ್ನು ನೀರಿನ ಟಾಕಿ ಹಿಂದೆ ಕುಳಿತು ಓದಿ ಅತ್ತೆ. ಆಮೇಲೆ ನಾನು ಸುಮ್ಮನೆ ಕೂರುವವಳೇ? ಎಲ್ಲರನ್ನೂ ಕೇಳಿದೆ, ನಿನ್ನ ಹೆಸರು ಹೇಳದೆ. ಆಟದ ಮೇಡಂ ಹೇಳಿದರು: ಮಲಗಿದಷ್ಟೂ ಮೈ ಜಡ್ಡುಗಟ್ಟುತ್ತದೆ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ನಡೆಯಬೇಕು, ಮನಸ್ಸು ಗಟ್ಟಿ ಇದ್ದರೆ ಮೈ ಕೇಳುತ್ತದೆ.

ಹಾಗಾದರೆ ಕೇಳು. ನಾಳೆಯಿಂದ ಬೆಳಿಗ್ಗೆ ಏಳು, ಹೊರಗೆ ಬಾ. ಮೊದಲ ದಿನ ನಮ್ಮ ಮನೆಯ ಕಟ್ಟೆಯವರೆಗೆ. ಆಮೇಲೆ ಗುಡಿಯವರೆಗೆ. ಆಮೇಲೆ ಬಸ್ ನಿಲ್ದಾಣ. ಸುಸ್ತಾದರೂ ಬಿಡಬೇಡ. ಕೊಳೆತ ವಾಸನೆ ಬಂದರೆ ಮೂಗು ಮುಚ್ಚಿ ನುಂಗು. ಜೂನಿಗೆ ಹೆಡ್ ಮೇಡಂ ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ನಾನು ಅವರ ಕಾಲು ಹಿಡಿಯುವುದೊಂದು ಬಾಕಿ ಇತ್ತು.

ನನ್ನ ಮೇಲೆ ಆಣೆ, ತಪ್ಪಿಸಬೇಡ.

ಅನ್ನಪೂರ್ಣಾ


ಜಕ್ಕಲಿ
28 ಏಪ್ರಿಲ್ 2022

ಅನ್ನೂ,

ಇವತ್ತು ಬಸ್ ನಿಲ್ದಾಣದವರೆಗೆ ಹೋಗಿ ಬಂದೆ! ಅಂಗಡಿ ಯಮನೂರಸಾಬ ಕಾಕಾ ನೋಡಿ, 'ಅರೆ, ಕಾಶೀಂನ ಮಗಳು ಎದ್ದು ಅಡ್ಡಾಡಾಕತ್ಯಾಳಲ್ಲೊ' ಎಂದು ಕೂಗಿದರು. ಅವ್ವ ಬಾಗಿಲಲ್ಲೇ ನಿಂತಿದ್ದಳು. ನಾನು ಬಂದೊಡನೆ ನನ್ನ ಮುಖಕ್ಕೆ ಎರಡೂ ಕೈ ಇಟ್ಟು ನೆಟಿಗೆ ಮುರಿದಳು. ಅಪ್ಪ ಹೊಸ ಚೀಲ ತಂದಿದ್ದಾನೆ.

ಪೆನ್ಸಿಲಿನಲ್ಲಿ ಬರೆದಿದ್ದೇನೆ, ಪೆನ್ನು ಒತ್ತಬೇಕಾಗುತ್ತದೆ. ಅಕ್ಷರ ಸೊಟ್ಟ ಇದ್ದರೆ ಮಲಗಿ ಬರೆದದ್ದಕ್ಕೆ. ನಡೆದ ಮೇಲೆ ಸ್ವಲ್ಪ ಮಲಗುತ್ತೇನೆ. ಸ್ವಲ್ಪವೇ.

ಜೂನಿನಲ್ಲಿ ಸಿಗೋಣ.

ಸೈರಾ


ನರಗುಂದ
3 ಜುಲೈ 2022

ಸೈರಾ,

ಜೂನಿನಲ್ಲಿ ನೀನು ಇಲ್ಲಿದ್ದ ಆ ವಾರದ್ದು ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ನನಗೆ ಎಲ್ಲ ನೆನಪಿದೆ, ಯಾರಿಗೂ ಹೇಳಲಾಗುತ್ತಿಲ್ಲ, ಅದಕ್ಕೆ ನಿನಗೇ ಬರೆಯುತ್ತೇನೆ.

ಬಂದ ದಿನ ನೀನು ನಗುತ್ತಲೇ ಇದ್ದೆ. ಮೆಟ್ಟಿಲು ಹತ್ತುವಾಗ ಎರಡು ಸಲ ಕುಳಿತೆ. ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೇನೆ ಅಂದೆ. ನಾನು ನಂಬಿದೆ. ಊಟದ ಕೋಣೆಯಲ್ಲಿ ಸಾರಿನ ಬಕೆಟ್ ಬಂದಾಗ ನಿನ್ನ ಕಣ್ಣಲ್ಲಿ ನೀರು ತುಂಬಿತ್ತು. ಮೂಗು ಮುಚ್ಚಿ ನುಂಗಿದೆ, ನಾನು ಹೇಳಿಕೊಟ್ಟ ಹಾಗೆ. ಪ್ರಾರ್ಥನೆಗೆ ನಿಂತಾಗ ನನ್ನ ಭುಜ ಹಿಡಿದುಕೊಂಡಿದ್ದೆ.

ಗಣಿತದ ಸರ್ ಎಲ್ಲರ ಮುಂದೆ ನಿನ್ನನ್ನು ಕರೆದರು. ಕರಿಹಲಗೆಯ ಮೇಲಿದ್ದದ್ದು ಸಣ್ಣ ಲೆಕ್ಕ. ಆರನೆಯ ತರಗತಿಯಲ್ಲಿ ನೀನು ನನಗೆ ಕಲಿಸಿದ್ದು. ನೀನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಹಿಂದಿನಿಂದ ಯಾರೋ ನಕ್ಕರು. ಸರ್ ಕೂಡ ನಕ್ಕು, 'ಇಕಿನ ಏನು ನೀ ಹೇಳತಿದ್ದಾಕಿ?' ಎಂದು ನನ್ನನ್ನು ಕೇಳಿದರು. ನೀನು ನನ್ನ ಕಡೆ ತಿರುಗಿ, 'ಅನ್ನೂ, ಏಳರ ಮುಂದ ಏನ ಬರತೈತಿ?' ಎಂದು ಸಣ್ಣಗೆ ಕೇಳಿದೆ.

ಮರುದಿನ ನೀನು ಏಳಲಿಲ್ಲ. ಕಣ್ಣು ತೆರೆದೇ ಇದ್ದವು, ಮೈ ಏಳುತ್ತಿರಲಿಲ್ಲ. ಕಾಶೀಂ ಕಾಕಾ ಟಂಟಂ ಗಾಡಿಯಲ್ಲಿ ಹೊಸ ಗಾದಿ ಹಾಸಿಕೊಂಡು ಬಂದರು. ನಿನ್ನನ್ನು ಎತ್ತಿಕೊಳ್ಳುವಾಗ ಅವರು, 'ಹಗುರ ಆಗ್ಯಾಳ' ಅಂದರು. ಯಾರಿಗೆ ಹೇಳಿದರೋ.

ನಿನ್ನ ಹಾಸಿಗೆ ಹಾಗೇ ಇದೆ. ಯಾರಿಗೂ ಕೊಡುವುದಿಲ್ಲ.

ಅನ್ನಪೂರ್ಣಾ


ಜಕ್ಕಲಿ
11 ಸೆಪ್ಟೆಂಬರ್ 2022

ಮಗಳು ಅನ್ನಪೂರ್ಣಾಗೆ ಆಶೀರ್ವಾದಗಳು. ಸೈರಾಗೆ ಪೆನ್ಸಿಲ್ ಹಿಡಿಯಲು ಆಗುತ್ತಿಲ್ಲ. ಅವಳು ಹೇಳಿದಂತೆ ಅವಳ ತಂದೆಯಾದ ನಾನು, ಕಾಶೀಂಸಾಬ, ಬರೆಯುತ್ತಿದ್ದೇನೆ.

'ಅನ್ನೂ, ನಿನ್ನ ಕಾಗದ ಅಪ್ಪ ಓದಿದ. ನಾನು ಆರಾಮ ಇದ್ದೇನೆ. ನೀನು ಚೆನ್ನಾಗಿ ಓದು. ಹಾಸಿಗೆ ಖಾಲಿ ಇಟ್ಟದ್ದಕ್ಕೆ ಉಪಕಾರ. ನಿನ್ನ ಸೈರಾ.'

ಇಷ್ಟು ಹೇಳಿ ಮಲಗಿದಳು. ಇನ್ನು ಮುಂದಿನದು ನನ್ನ ಮಾತು, ತಂಗೀ. ದೊಡ್ಡವರಿಗೆ ಹೇಳಿದರೆ ಒಬ್ಬೊಬ್ಬರು ಒಂದೊಂದು ಔಷಧ ಹೇಳುತ್ತಾರೆ. ಅದಕ್ಕೆ ನಿನಗೆ ಬರೆಯುತ್ತೇನೆ.

ಹುಬ್ಬಳ್ಳಿಗೆ ಕರೆದೊಯ್ದಿದ್ದೆ. ಅಲ್ಲಿ ಮಕ್ಕಳ ಡಾಕ್ಟರಮ್ಮ ಒಬ್ಬರು ಮಗಳ ಪಕ್ಕದಲ್ಲಿ ಕುಳಿತು ಎಲ್ಲ ಕೇಳಿದರು. ಅವಸರ ಮಾಡಲಿಲ್ಲ. 'ಇದು ನಾಟಕ ಅಲ್ಲ, ಕೊರೋನಾ ಹೋದ ಮೇಲೂ ಕೆಲವು ಮಕ್ಕಳಿಗೆ ಹೀಗೆ ಉಳಿಯುತ್ತದೆ' ಎಂದರು. ಆ ಮಾತಿಗೆ ಸೈರಾ ಗಳಗಳ ಅತ್ತಳು. ನಾನು, 'ರೋಗ ಸಿಕ್ಕಿತಲ್ರೀ, ಈಗ ಔಷಧ ಬರೀರಿ' ಅಂದೆ. ಅವರು ಪೆನ್ನು ಕೆಳಗಿಟ್ಟರು. 'ಇದನ್ನ ಗುಣ ಮಾಡೋ ಔಷಧ ಇನ್ನೂ ಇಲ್ಲರಿ. ನೋವಿಗೆ, ನಿದ್ದಿಗೆ ಕೊಡತೀನಿ. ವಿಶ್ರಾಂತಿ ಬೇಕು. ನಡಸಬ್ಯಾಡ್ರಿ, ಜೋರು ಮಾಡಬ್ಯಾಡ್ರಿ, ದಣದಷ್ಟೂ ಹಿಂದ ಬೀಳತಾಳ' ಅಂದರು. 'ಎಷ್ಟ ದಿನರಿ?' ಅಂದೆ. 'ಹೇಳಾಕ ಬರೂದಿಲ್ಲ. ಭಾಳ ಮಕ್ಕಳು ಸುಧಾರಿಸತಾವ. ಕೆಲವರಿಗೆ ವರ್ಷ ಹಿಡೀತಾವ' ಅಂದರು.

ತಂಗೀ, ಗಜೇಂದ್ರಗಡದಲ್ಲಿ ರೋಗವೇ ಇಲ್ಲ ಅಂದಾಗ ನನಗೆ ಸಿಟ್ಟು ಮಾಡಲಿಕ್ಕೆ ಒಬ್ಬ ಡಾಕ್ಟರ್ ಇದ್ದ. ಈ ಡಾಕ್ಟರ್ ತಾಯಿಯ ಮೇಲೆ ಸಿಟ್ಟೂ ಮಾಡುವಂತಿಲ್ಲ. ಯಮನೂರ ದರ್ಗಾಕ್ಕೂ ಹೋಗಿ ಬಂದೆವು. ಮಷೀನು ಹಿತ್ತಲಿನಿಂದ ಊರ ಹೊರಗಿನ ಬಾಡಿಗೆ ಖೋಲಿಗೆ ಒಯ್ದೆ. ಇನ್ನು ಏನನ್ನು ಎಲ್ಲಿಗೆ ಒಯ್ಯಲಿ?

ಕಾಶೀಂಸಾಬ


ನರಗುಂದ
15 ಜನವರಿ 2023

ಸೈರಾ,

ಕಾಕಾನ ಕಾಗದ ಬಂದ ಮೇಲೆ ನಾನು ಬರೆಯಲಿಲ್ಲ. ಏನು ಬರೆಯಬೇಕೋ ತಿಳಿಯಲಿಲ್ಲ. 'ನಡಸಬ್ಯಾಡ್ರಿ' ಎಂಬ ಮಾತನ್ನು ಮತ್ತೆ ಮತ್ತೆ ಓದಿದೆ. ನಿನ್ನನ್ನು ಬಸ್ ನಿಲ್ದಾಣದವರೆಗೆ ನಡೆಸಿದವಳು ನಾನು.

ದಸರಾ ರಜೆಯಲ್ಲಿ ನಿಮ್ಮ ಮನೆಗೆ ಬಂದಿದ್ದೆ. ಕಾಕು ಬಾಗಿಲಲ್ಲೇ, 'ಮಲಗ್ಯಾಳವಾ' ಅಂದಳು. ಮರುದಿನ ಬಂದೆ. ಆಗಲೂ ಮಲಗಿದ್ದೆ. ಮೂರನೆಯ ದಿನ ಬರಲಿಲ್ಲ. ನನ್ನ ಮೇಲೆ ನಿನಗೆ ಸಿಟ್ಟು ಬಂದಿದ್ದರೆ ಅದು ಸರಿಯೇ.

ಇಲ್ಲಿ ವಿಶೇಷವೇನಿಲ್ಲ. ಆಟವಿಲ್ಲ, ಪ್ರವಾಸವಿಲ್ಲ, ಪಾಠ ಬೇಸರ. ನೀನು ಕಳೆದುಕೊಂಡದ್ದು ಏನೂ ಇಲ್ಲ. ಹಾಸಿಗೆ ಖಾಲಿಯೇ ಇದೆ, ಅದರ ಮೇಲೆ ನಿನ್ನ ಹೊದಿಕೆ ಮಡಚಿಟ್ಟಿದ್ದೇನೆ.

ಅನ್ನಪೂರ್ಣಾ


ಜಕ್ಕಲಿ
18 ಜೂನ್ 2023

ಅನ್ನೂ,

ನಾನೇ ಬರೆಯುತ್ತಿದ್ದೇನೆ. ದಿನಕ್ಕೆ ಸ್ವಲ್ಪ. ಎಂದು ಶುರು ಮಾಡಿದೆನೋ ಮರೆತಿದೆ, ಮುಗಿದ ದಿನದ ತಾರೀಖು ಹಾಕಿದ್ದೇನೆ.

ನೀನು ಬಂದಾಗ ಖರೇನೇ ಮಲಗಿದ್ದೆ. ಸಿಟ್ಟಲ್ಲ. ನೀನು ಬಂದಿದ್ದೆ ಎಂದು ಅವ್ವ ಹೇಳಿದ್ದು ನಾಲ್ಕು ದಿನ ಬಿಟ್ಟು. ಮೊದಲೇ ಹೇಳಿದರೆ ಎದ್ದು ಕೂರುತ್ತಾಳೆ, ಕೂತರೆ ಮತ್ತೆ ಬೀಳುತ್ತಾಳೆ ಎಂದು ಹೆದರಿದ್ದಳು. ನಡೆದದ್ದಕ್ಕೂ ನಿನ್ನನ್ನು ಅನ್ನುವುದಿಲ್ಲ. ನಡೆಯಬೇಕು ಎಂದು ನನಗೂ ಆಸೆ ಇತ್ತು. ನೀನು ಹೇಳದಿದ್ದರೂ ನಡೆಯುತ್ತಿದ್ದೆ.

ಈಗ ಹಾಸಿಗೆಯ ಮಾತು. ಅದು ಖಾಲಿ ಇಲ್ಲ ಎಂದು ನನಗೆ ಗೊತ್ತು. ನಾನು ತಿರುಗಿ ಬಂದ ಮರು ತಿಂಗಳೇ ಅಪ್ಪ ನರಗುಂದಕ್ಕೆ ಹೋಗಿ ಸೀಟು ಬಿಟ್ಟು ಬಂದಿದ್ದ. 'ಬೇರೆ ಹುಡುಗಿಗರೆ ಸಿಗಲಿ' ಎಂದು ಅವ್ವನಿಗೆ ಅಂದದ್ದು ನನಗೆ ಒಳಗೆ ಕೇಳಿಸಿತ್ತು. ಹೊಳೆಮಣ್ಣೂರಿನ ಲಕ್ಷ್ಮೀ ಬಂದಿದ್ದಾಳೆ ಎಂದೂ ಗೊತ್ತು. ಹೊಳೆ ಬಂದು ಅವರ ಮನೆಯೊಳಗೆ ನೀರು ಹೊಕ್ಕಿತ್ತಂತೆ. ನೀನು ಖಾಲಿ ಎಂದು ಬರೆದದ್ದನ್ನು ಅಪ್ಪ ಖಾಲಿ ಎಂದೇ ಜೋರಾಗಿ ಓದುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ. ಅವನು ನನ್ನ ಸಲುವಾಗಿ, ನಾನು ಅವನ ಸಲುವಾಗಿ.

ಇನ್ನು ಸಾಕು ಅನ್ನೂ. ಅಲ್ಲಿ ಆಟ ಇದ್ದೇ ಇರುತ್ತದೆ, ಪ್ರವಾಸವೂ ಇರುತ್ತದೆ. ಎಲ್ಲ ಬರೆ. ಹೊಟ್ಟೆಕಿಚ್ಚು ಆಗುತ್ತದೆ. ಆಗಲಿ. ಏನೂ ಇಲ್ಲ ಎಂದು ನೀನು ಬರೆದರೆ ಎಲ್ಲರ ದಿನಗಳೂ ನನ್ನ ದಿನಗಳ ಹಾಗೇ ಆಗಿಬಿಟ್ಟವೇ ಎಂದು ಹೆದರಿಕೆಯಾಗುತ್ತದೆ.

ಲಕ್ಷ್ಮೀ ಹ್ಯಾಂಗಿದ್ದಾಳೆ?

ಸೈರಾ


ನರಗುಂದ
2 ಜುಲೈ 2023

ಸೈರಾ,

ಲಕ್ಷ್ಮೀ ನಿದ್ದೆಯಲ್ಲಿ ಮಾತಾಡುತ್ತಾಳೆ. ಒಳ್ಳೆಯವಳು. ಬಂದ ಮೊದಲ ವಾರ ಅವಳ ಜೊತೆ ಮಾತೇ ಆಡಲಿಲ್ಲ ನಾನು. ಪಾಪ, ಅವಳಿಗೆ ಕಾರಣವೂ ಗೊತ್ತಿರಲಿಲ್ಲ.

ಪ್ರವಾಸಕ್ಕೆ ಬಾದಾಮಿಗೆ ಹೋಗಿದ್ದೆವು. ಗುಹೆಯ ಮುಂದೆ ಕೋತಿ ನನ್ನ ಡಬ್ಬಿ ಕಸಿದುಕೊಂಡಿತು, ನಾನು ಕಿರುಚಿದ್ದಕ್ಕೆ ಊರೇ ನಕ್ಕಿತು. ಗಣಿತದಲ್ಲಿ ತರಗತಿಗೆ ಮೊದಲಿಗಳಾದೆ. ಸರ್ ಬೆನ್ನು ತಟ್ಟಿದರು. ನನಗೆ ಖುಷಿಯಾಯಿತು, ನೋಡು, ಖರೇ ಬರೆಯುತ್ತಿದ್ದೇನೆ, ಖುಷಿಯಾಯಿತು. ಆಮೇಲೆ ಬಚ್ಚಲಿಗೆ ಹೋಗಿ ಬಾಯಿಗೆ ಟವೆಲ್ ಇಟ್ಟುಕೊಂಡೆ.

ಏನು ಮಾಡಲಿ ಹೇಳು. ನೀನು ಹೇಳಿದ್ದು ಮಾಡುತ್ತೇನೆ.

ಅನ್ನಪೂರ್ಣಾ


ಜಕ್ಕಲಿ
26 ಏಪ್ರಿಲ್ 2024

ಅನ್ನೂ,

ನಿನ್ನ ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ನೀನು ಊರಿಗೆ ಬಂದಿದ್ದು, ನಮ್ಮ ಮನೆಗೆ ಬಂದಿದ್ದು, ಎಲ್ಲ ನೆನಪಿದೆ. ಈ ಸಲ ಅವ್ವ ನನ್ನನ್ನು ಮೊದಲೇ ಕೇಳಿದಳು, ನಾನು ಕಳಿಸು ಅಂದೆ. ನೀನು ಎತ್ತರ ಆಗಿದ್ದೀಯ. ದನಿಯೂ ಬದಲಾಗಿದೆ. ಕಿಟಕಿಯ ಬಟ್ಟೆ ಸರಿಸಬಹುದೇ ಎಂದು ಕೇಳಿ, ನಾನು ಬೇಡ ಅಂದಾಗ ಆ ಕತ್ತಲಲ್ಲೇ ಕುಳಿತೆ. ಧಾರವಾಡದ ಕಾಲೇಜಿನ ಮಾತು ಅರ್ಧಕ್ಕೇ ನಿಲ್ಲಿಸಿದೆ. ಹೋಗು. ಅದನ್ನು ನಿಲ್ಲಿಸಬೇಡ.

ನನ್ನದು ಹಾಗೇ ಇದೆ. ಕೆಲವು ದಿನ ಬೇವಿನ ಗಿಡದ ಕೆಳಗೆ ಹೊರಸು ಹಾಕಿ ಕೂರಿಸುತ್ತಾರೆ. ರೊಟ್ಟಿ, ಮೊಸರು ಈಗ ಒಗ್ಗುತ್ತವೆ. ಉಳ್ಳಾಗಡ್ಡಿ ಇನ್ನೂ ಇಲ್ಲ. ಅವ್ವನಿಗೆ ಕೊನೆಗೂ ಹೇಳಿದೆ. ಅವಳು ಸೀರೆ ಬದಲಿಸಿ ಬಂದು ಪಕ್ಕದಲ್ಲಿ ಕುಳಿತಳು. ಆಮೇಲೆ ಕೆಲವು ವಾರ ಚಲೋ ಇದ್ದು, ಕಾರಣವಿಲ್ಲದೆ ಮತ್ತೆ ಮಲಗಿದೆ. ಡಾಕ್ಟರಮ್ಮನಿಗೂ ಕಾರಣ ತಿಳಿಯಲಿಲ್ಲ. ಪರೀಕ್ಷೆ ಮುಂದಿನ ವರ್ಷ ಬರೆಯಬಹುದು ಎಂದು ಎಲ್ಲರೂ ಹೇಳುತ್ತಾರೆ. ಹೋದ ವರ್ಷವೂ ಹೇಳಿದ್ದರು.

ನೀನು ಪರೀಕ್ಷೆಯ ಕಥೆ ಹೇಳುತ್ತಿದ್ದಾಗ ನನ್ನ ಕಣ್ಣು ಮುಚ್ಚಿದವು. ನಿದ್ದೆ ಬಂದಿರಲಿಲ್ಲ. ತೆರೆದಿಡುವುದಕ್ಕೆ ಆಗುತ್ತಿರಲಿಲ್ಲ, ಅಷ್ಟೇ. ನೀನು ಹೊದಿಕೆ ಸರಿಮಾಡಿ, ಸಪ್ಪಳಾಗದ ಹಾಗೆ ಬಾಗಿಲು ಮುಂದೆ ಮಾಡಿಕೊಂಡು ಹೋದೆ. ಕಟ್ಟೆಯ ಮೇಲೆ ಕುಳಿತು ಅತ್ತೆ. ಅವ್ವ, 'ಸಾವಕಾಶ ಅಳವಾ, ಆಕಿಗೆ ಕೇಳತೈತಿ' ಅಂದಳು. ಆಮೇಲೆ ಅವಳೂ ಅತ್ತಳು. ಅಪ್ಪ ಬಂದ. 'ಏನಾತು?' ಅಂದ. ಅವನು ಇನ್ನೊಮ್ಮೆ ಕೇಳಲಿಲ್ಲ.

ಎಲ್ಲ ಕೇಳಿಸಿತು ಅನ್ನೂ. ದಿನಾ ಕೇಳಿಸುತ್ತದೆ. ಎಲ್ಲರೂ ಮುಖ ತೊಳೆದುಕೊಂಡು ಒಳಗೆ ಬರುತ್ತಾರೆ, ನನಗೆ ನಗು ತೋರಿಸುತ್ತಾರೆ, ನಾನೂ ತೋರಿಸುತ್ತೇನೆ. ನನಗೆ ಅದೇ ಭಾಳ ದಣಿವು.

ಮುಂದಿನ ಸಲ ಬಂದಾಗ ಹೊರಗೆ ಹೋಗಬೇಡ. ಇಲ್ಲೇ, ನನ್ನ ಹೊರಸಿನ ಮೇಲೆ ಕುಳಿತು ಅಳು. ನನಗೆ ಶಕ್ತಿ ಇದ್ದರೆ ನಾನೂ ಅಳುತ್ತೇನೆ. ಇಲ್ಲದಿದ್ದರೆ ನನ್ನದನ್ನೂ ನೀನೇ ಅಳು.

ಸೈರಾ